12 ಆರ್ಬಿಟಲ್‌ನಲ್ಲೇ ಸ್ಪಿನ್ ಗ್ಯಾಪ್ ಸಿಕ್ತು – ನನ್ನ ಅನುಭವ

ಐರನ್ ಟು ಕಾಂಪ್ಲೆಕ್ಸು, ಸುತ್ತ ಆರು ನೈಟ್ರೋಜನ್, ಸ್ಪಿನ್ ಕ್ರಾಸ್‌ಓವರ್ ಆಗೋ ಸೈಜು, ಅಂದ್ರೆ ಲೋ ಸ್ಪಿನ್ (ಎಲೆಕ್ಟ್ರಾನ್ ಎಲ್ಲಾ ಜೋಡಿ) ಹೈ ಸ್ಪಿನ್ (ನಾಲ್ಕು ಒಂಟಿ) ಮಧ್ಯೆ ಹಾರೋದು. ಈ ಎರಡರ ಎನರ್ಜಿ ಫರಕೇ ಸ್ಪಿನ್ ಗ್ಯಾಪ್. ಇದನ್ನ ಕ್ಯಾಸ್‌ಪಿಟಿ2ನಲ್ಲಿ (ಮುಖ್ಯ ಆರ್ಬಿಟಲ್‌ಗಳನ್ನ ಪೂರ್ತಿ ಲೆಕ್ಕ ಹಾಕಿ, ಉಳಿದದ್ದನ್ನ ಅಂದಾಜಲ್ಲಿ ಸೇರಿಸೋ ವಿಧಾನ) ಮಾಡ್ತೀನಿ ಅಂದಾಗ ಗ್ರೂಪ್‌ನಲ್ಲಿ ಎಲ್ರೂ ನಕ್ಕಿದ್ರು. 12 ಆರ್ಬಿಟಲ್‌ನಲ್ಲಿ ಆಗೋ ಮಾತಲ್ಲ, ಇನ್ನೂ ಜಾಸ್ತಿ ಆರ್ಬಿಟಲ್ ಹಿಡಿಸೋ ಡಿಎಂಆರ್‌ಜಿಗೆ ಹೋಗು, ಇಲ್ಲಾ ಅಗ್ಗದ ವಿಧಾನ ಡಿಎಫ್‌ಟಿ ಮಾಡಿ ಸುಮ್ನೆ ಪೇಪರ್ ಬರಿ ಅಂದ್ರು.

ಡಿಎಫ್‌ಟಿ ಮಾಡದೆ ಬಿಟ್ಟಿದ್ನಾ? ಅದರ ಫಾರ್ಮುಲಾಗಳಲ್ಲಿ ಬಿಪಿ86 ಲೋ ಸ್ಪಿನ್ ಕಡೆ ಎಳೆಯುತ್ತೆ, ಬಿ3ಎಲ್‌ವೈಪಿ ಹೈ ಸ್ಪಿನ್ ಕಡೆ, ಬಿ3ಎಲ್‌ವೈಪಿಯಲ್ಲಿ ಬೆರೆಸಿರೋ ಎಕ್ಸಾಕ್ಟ್ ಎಕ್ಸ್‌ಚೇಂಜ್ 20ರಿಂದ 15 ಪರ್ಸೆಂಟಿಗೆ ಇಳಿಸಿದ್ರೆ ನಡುವೆ ಎಲ್ಲೋ ಬಂದು ನಿಲ್ಲುತ್ತೆ. ನನ್ನ ಮಾಲಿಕ್ಯೂಲ್‌ಗೆ ಈ ತುದಿಯಿಂದ ಆ ತುದಿಗೆ ಹತ್ತಿರ ಹತ್ತಿರ 15 ಕಿಲೋಕ್ಯಾಲರಿ ಫರಕು. ಹುಡುಕ್ತಿರೋ ಗ್ಯಾಪೇ ನಾಲ್ಕೈದು! ಇದಕ್ಕಿಂತ ಕವಡೆ ಹಾಕೋದೇ ವಾಸಿ.

ಸರಿ, ಕ್ಯಾಸ್ 10,12, ಅಂದ್ರೆ 12 ಆರ್ಬಿಟಲ್‌ನಲ್ಲಿ 10 ಎಲೆಕ್ಟ್ರಾನ್. ಸಿಂಗ್ಲೆಟ್‌ಗೆ (ಲೋ ಸ್ಪಿನ್) ಡಿಟರ್ಮಿನೆಂಟು, ಅಂದ್ರೆ ಎಲೆಕ್ಟ್ರಾನ್ ಕೂರೋ ರೀತಿಗಳು, 6,27,264 ಅಷ್ಟೇ, ಮೆಷಿನ್‌ಗೆ ಇದೇನೂ ಭಾರ ಅಲ್ಲ. ಕಷ್ಟ ಇದ್ದಿದ್ದು ಆರ್ಬಿಟಲ್‌ಗಳನ್ನ ಕೂತ ಜಾಗದಲ್ಲಿ ಕೂರಿಸೋದ್ರಲ್ಲಿ. ಎಲ್ಲರ ಹಾಗೆ ನಾನೂ ಲೋ ಸ್ಪಿನ್‌ನಿಂದ ಶುರು ಮಾಡ್ದೆ, ಕ್ಲೋಸ್ಡ್ ಶೆಲ್ ಅಲ್ವಾ ಸುಲಭ ಅಂತ. ಎನರ್ಜಿ ಚೆನ್ನಾಗಿ ಇಳೀತು, ಕನ್ವರ್ಜ್ ಕೂಡ ಆಯ್ತು, ಖುಷಿಯಲ್ಲಿ ಆರ್ಬಿಟಲ್ ತೆರೆದು ನೋಡಿದ್ರೆ ಡಬಲ್ ಶೆಲ್‌ನ (ಐರನ್‌ನ ಐದು ಡಿ ಆರ್ಬಿಟಲ್‌ಗೆ ಜೋಡಿಯಾಗಿ ಹಾಕೋ ಇನ್ನೈದು ಡಿ) ಐದನೇದು ಇರ್ಬೇಕಾದ ಕಡೆ ಲಿಗ್ಯಾಂಡ್‌ನ (ಐರನ್‌ಗೆ ಅಂಟಿದ ಮಾಲಿಕ್ಯೂಲ್) ಪೈ ಸ್ಟಾರ್ ಆರ್ಬಿಟಲ್ ಒಂದು ಆರಾಮಾಗಿ ಕೂತಿದೆ. ಲೋ ಸ್ಪಿನ್‌ನಲ್ಲಿ ಇಜಿ, ಅಂದ್ರೆ ಮೇಲಿನ ಎರಡು ಡಿ, ಖಾಲಿ, ಅದರ ಜೋಡಿ ಡಿ ಆರ್ಬಿಟಲ್‌ಗೆ ಅಲ್ಲಿ ಕೆಲಸಾನೇ ಇಲ್ಲ, ಎದ್ದು ಹೋಗಿತ್ತು. ಹೈ ಸ್ಪಿನ್‌ನಲ್ಲಿ ಐದೂ ಇತ್ತು. ಎರಡು ಬೇರೆ ಬೇರೆ ಆರ್ಬಿಟಲ್ ಸೆಟ್‌ನ ಎನರ್ಜಿ ಒಂದರಿಂದೊಂದು ಕಳೆದ್ರೆ ಬರೋ ನಂಬರ್‌ಗೆ ಅರ್ಥ ಏನು?

ಹೀಗೇ ಮೂರು ತಿಂಗಳು. ವರ್ಷಕ್ಕೆ ಸಿಕ್ಕಿದ್ದ ಎರಡು ಲಕ್ಷ ಕೋರ್ ಅವರ್‌ನಲ್ಲಿ ಅರವತ್ತು ಸಾವಿರ ಹೀಗೇ ಹೋಯ್ತು, ಒಂದು ರಾತ್ರಿ ಸ್ಕ್ರಾಚ್ ಡಿಸ್ಕ್ ತುಂಬಿ ಒಂಬತ್ತು ಜಾಬ್ ಒಟ್ಟಿಗೆ ಸತ್ವು, ಅದರಲ್ಲಿ ಎರಡು ಬೇರೆಯವರದ್ದು, ಬೈಸ್ಕೊಂಡೆ. ಕೊನೆಗೆ ಹದಿನೈದು ದಿನ ಕ್ಲೌಡ್ ಮೆಷಿನ್ ಬಾಡಿಗೆ ಕೈಯಿಂದ ಕಟ್ಟಿದೀನಿ, ಆ ದುಡ್ಡು ಇನ್ನೂ ವಾಪಸ್ ಬಂದಿಲ್ಲ.

ಮಧ್ಯೆ ಖರ್ಚು ಉಳಿಸೋಣ ಅಂತ ಲಿಗ್ಯಾಂಡ್‌ನ ಫೀನೈಲ್ ಕಿತ್ತು ಹೈಡ್ರೋಜನ್ ಹಾಕಿ ನೋಡ್ದೆ. ಗ್ಯಾಪ್ ಮೂರು ಕಿಲೋಕ್ಯಾಲರಿ ಜರುಗಿತು. ಮಾಡ್ಬೇಡಿ. ಹಠಕ್ಕೆ ಬಿದ್ದು 22 ಆರ್ಬಿಟಲ್‌ನ ಡಿಎಂಆರ್‌ಜಿನೂ ಓಡಿಸ್ದೆ, ವಾರ ತಿಂತು, ಗ್ಯಾಪ್ ಅರ್ಧ ಕಿಲೋಕ್ಯಾಲರಿನೂ ಅಲ್ಲಾಡ್ಲಿಲ್ಲ.

ಕೆಲಸ ಆಗಿದ್ದು ಉಲ್ಟಾ ಹೋದಾಗ. ಹೈ ಸ್ಪಿನ್‌ನಲ್ಲಿ ಐದೂ ಗಟ್ಟಿಯಾಗಿ ಕೂರಿಸಿ, ಐರನ್ ನೈಟ್ರೋಜನ್ ಬಾಂಡ್‌ನ 2.2 ಆಂಗ್‌ಸ್ಟ್ರಾಮ್‌ನಿಂದ 2.0ಗೆ ಚೂರುಚೂರೇ ಒತ್ತುತ್ತಾ, ಪ್ರತಿ ಸಲ ಹಿಂದಿನ ಆರ್ಬಿಟಲ್ ಓದಿಸ್ಕೊಂಡು, ತುದಿಗೆ ಬಂದ್ಮೇಲೆ ಸಿಂಗ್ಲೆಟ್‌ಗೆ ಹಾರಿದ್ದು. ಅಲ್ಲಿ ಲೆಕ್ಕ ಹಳಿ ತಪ್ಪದಿರಲಿ ಅಂತ ಹಾಕಿದ ಲೆವೆಲ್ ಶಿಫ್ಟ್ ಎಷ್ಟು, ಯಾವ ಸ್ಟೆಪ್‌ನಲ್ಲಿ ತೆಗೆದೆ ಅನ್ನೋದು ಪೇಪರ್ ಬರೋವರೆಗೂ ನನ್ನ ಹತ್ರಾನೇ ಇರ್ಲಿ. ಕ್ಯಾಸ್‌ಪಿಟಿ2ನ ಐಪಿಇಎ ಅನ್ನೋ ತಿದ್ದುಪಡಿ ನಂಬರ್ ಮುಟ್ಲಿಲ್ಲ, 0.25ಕ್ಕೇ ಬಿಟ್ಟೆ, ಅದನ್ನ ತಿರುಗಿಸ್ತಾ ಹೋದ್ರೆ ಬೇಕಾದ ಉತ್ತರ ಬರುತ್ತೆ. ಐರನ್‌ನ ಒಳಗಿನ 3ಎಸ್ 3ಪಿ ಎಲೆಕ್ಟ್ರಾನ್‌ಗಳ ಕೋರಿಲೇಷನ್ ಮಾತ್ರ ಕಪಲ್ಡ್ ಕ್ಲಸ್ಟರ್ ಅನ್ನೋ ಇನ್ನೊಂದು ವಿಧಾನದಿಂದ ತಗೊಂಡೆ, ಕ್ಯಾಸ್‌ಪಿಟಿ2 ಅಲ್ಲಿ ಹೈ ಸ್ಪಿನ್ ಪರ ವಾಲುತ್ತೆ.

ಝೀರೋ ಪಾಯಿಂಟ್ ಎನರ್ಜಿ (ಬಾಂಡ್‌ಗಳ ನಿಲ್ಲದ ಕಂಪನದ್ದು) ಸೇರಿಸಿದ್ಮೇಲೆ ಎಕ್ಸ್‌ಪೆರಿಮೆಂಟ್‌ಗೂ ನನಗೂ ಒಂದು ಕಿಲೋಕ್ಯಾಲರಿ ಒಳಗೇ. ಜಾಸ್ತಿ ನಕ್ಕಿದ್ದ ಪುಣ್ಯಾತ್ಮನೇ ಮೊನ್ನೆ ಇನ್‌ಪುಟ್ ಫೈಲ್ ಕೇಳ್ದ. ಕೊಟ್ಟೆ, ಒಂದು ಲೈನ್ ತೆಗೆದು.