ಕೋವಿಗೊಂದು ತೊಟ್ಟಿಲು

ಕೈಲ್ ಪೊಳ್ದ್ ಹತ್ತಿರ ಬಂದರೆ ಕೊಡಗಿನ ಮನೆಗಳಲ್ಲಿ ಕೋವಿ ಹೊರಗೆ ಬರುತ್ತದೆ. ಸೆಪ್ಟೆಂಬರ್ ಮೊದಲ ವಾರದ ಈ ಹಬ್ಬಕ್ಕೆ ಅದಕ್ಕೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಮಳೆಗಾಲದಲ್ಲಿ ಮಂಕಾದ, ಹೆಗಲಿಗೆ ಆನಿಸುವ ಮರದ ಬಟ್‌ಗೆ ಅಷ್ಟರೊಳಗೆ ಎಣ್ಣೆ ಹಚ್ಚಬೇಕಲ್ವಾ? ಒಂದು ವರ್ಷ ನಾನು ಸುಮ್ನೆ ಬಡಗಿ ಮೇಜಿನ ಇಕ್ಕಳ, ಅಂದರೆ ಬೆಂಚ್ ವೈಸ್‌ಗೆ ಸಿಕ್ಕಿಸಿದೆ. ಅದರ ಹಲ್ಲು ಮರದಲ್ಲಿ ಅಚ್ಚೊತ್ತಿತು. ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿದಾಗ ಅರ್ಧ ಮಾತ್ರ ಎದ್ದಿತು.

ಅದಕ್ಕೇ ಈಗ ಕೋವಿಯನ್ನು ಗಾಯವಾಗದಂತೆ ಹಿಡಿದಿಡುವ ಮರದ ತೊಟ್ಟಿಲು. ಅದಕ್ಕೆ ತೋಟದ ಸಿಲ್ವರ್ ಓಕ್ ಹಲಗೆಯ ತುಂಡುಗಳೇ ಸಾಕು. ಮೊದಲು ಕೋವಿಯನ್ನು ಕೀಲಿನಲ್ಲಿ ಮಡಚಿ ತೆರೆದು, ನಳಿಗೆಯಲ್ಲಿ ತೋಟಾ ಇಲ್ಲವೆಂದು ಕಣ್ಣಲ್ಲೂ ಬೆರಳಲ್ಲೂ ನೋಡಿ. 60 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ಹಲಗೆಯ ಮೇಲೆ ಅದನ್ನು ಮಲಗಿಸಿ. ನಳಿಗೆಯ ಕೆಳಗೆ ಮುಂದಿನ ಕೈ ಹಿಡಿಯುವ ಮರದ (ಮುಂಗೈ ಮರ) ನಡುವೆ ಒಂದು, ಟ್ರಿಗರ್ ಹಿಂದಿನ ಸಣ್ಣ ಕತ್ತಿನ ಬಳಿ ಇನ್ನೊಂದು ಗುರುತು ಹಾಕಿ. ಅಲ್ಲಿ 20 ಸೆಂ.ಮೀ. ಎತ್ತರದ ಎರಡು ತುಂಡು ನಿಲ್ಲಿಸಬೇಕು. ಕೋವಿಗಳ ಅಳತೆ ಬೇರೆ ಬೇರೆ, ಹಾಗಾಗಿ ನನ್ನ ಅಂತರ ನಿಮಗೆ ಹೊಂದದು.

ಮುಂದಿನ ತುಂಡಿನ ತಲೆಯಲ್ಲಿ ದುಂಡು ಕಚ್ಚು, ಹಿಂದಿನದರಲ್ಲಿ ಸ್ವಲ್ಪ ಅಗಲದ ಕಚ್ಚು ಕೊರೆಯಿರಿ. ಕೋವಿ ಇಟ್ಟು ನೋಡುತ್ತಾ ಸ್ವಲ್ಪಸ್ವಲ್ಪವೇ ಉಜ್ಜಿ. ಜಾಸ್ತಿ ಕೊರೆದರೆ ಮರ ಮತ್ತೆ ಬರುವುದಿಲ್ಲ. ಅಂಟು ಹಾಕಿ ಅಡಿಯಿಂದ ಸ್ಕ್ರೂ ಬಿಗಿಯಿರಿ. ಕಚ್ಚಿಗೆ ಹಳೆ ಕಂಬಳಿ ತುಂಡು ಅಂಟಿಸಿ. ಕೆಲಸ ಮುಗಿದ ಮೇಲೆ ಕೋವಿಯನ್ನು ಅದರಲ್ಲೇ ಬಿಡಬೇಡಿ, ಕಂಬಳಿ ತೇವ ಹಿಡಿದು ಕಬ್ಬಿಣಕ್ಕೆ ತುಕ್ಕು ಹತ್ತಿಸುತ್ತದೆ.

ಈಗ ಎರಡೂ ಕೈ ಖಾಲಿ. 320 ನಂಬರಿನ ಮರಳು ಕಾಗದದಿಂದ ಮರದ ಎಳೆಯ ದಿಕ್ಕಿನಲ್ಲೇ ಉಜ್ಜಿ. ಅಗಸೆ ಎಣ್ಣೆಯ ನಾಲ್ಕೈದು ಹನಿ ಅಂಗೈಯಲ್ಲಿ ತಿಕ್ಕಿ ಹಚ್ಚಿ, ಉಳಿದದ್ದನ್ನು ಒರೆಸಿ ಒಣಗಲು ಬಿಡಿ. ತೆಳುವಾಗಿ ಹಲವು ಸಲ ಹಚ್ಚಬೇಕು. ದಪ್ಪ ಬಳಿದರೆ ಅಂಟಂಟು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನಾಗಿ ಕಾದು ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ.

ಗುರಿ ಪರೀಕ್ಷೆಗೆ ಹಳೆ ಜೀನ್ಸ್ ಕಾಲಿಗೆ ಒಣ ಮರಳು ತುಂಬಿದ ಚೀಲ ಸಾಕು. ಅದರ ಮೇಲೆ ಕೂರಬೇಕಾದ್ದು ಮುಂಗೈ ಮರ. ನಳಿಗೆಯನ್ನೇ ಊರಿದರೆ ಗುಂಡು ಬೀಳುವ ಜಾಗ ಬದಲಾಗುತ್ತದೆ, ಕಾಯಿ ನಗುತ್ತಾ ನಿಂತಿರುತ್ತದೆ.