ಇಪ್ಪತ್ತೆರಡು ಜನರನ್ನು ಒಟ್ಟಿಗೆ ಕೂರಿಸಬೇಡಿ

ನಮ್ಮದು ಕಾಪು ಕಡೆಯ ಬಿಲ್ಲವ ಕುಟುಂಬ. ಇವರದ್ದು ಮಂಗಳೂರಿನ ಕೊಂಕಣಿ ಕೆಥೊಲಿಕ್ ಮನೆ. ಓಡಿಹೋಗದೆ, ಮತ ಬದಲಿಸದೆ, ಎರಡೂ ಮನೆಯವರ ಎದುರೇ ಮದುವೆಯಾಗುತ್ತೇವೆ ಅಂದಾಗ ಗೆಳತಿಯರಿಂದ ಹಿಡಿದು ವಕೀಲರವರೆಗೆ ಎಲ್ಲರದ್ದೂ ಒಂದೇ ಮಾತು, ನಮ್ಮೂರಲ್ಲಿ ಅದು ಆಗುವ ಕೆಲಸ ಅಲ್ಲ ಎಂದು. ಸುಮಾರು ಮೂರು ವರ್ಷ ಹಿಡಿಯಿತು. ಆಯಿತು. ಮತ ಬದಲಿಸದೆ ಮದುವೆಯಾಗಲು ಇರುವ ಸ್ಪೆಷಲ್ ಮ್ಯಾರೇಜ್ ಆಕ್ಟ್ ಎಂದರೇನು ಎಂದು ಈ ದಾರಿಯಲ್ಲಿ ಇರುವವರಿಗೆ ನಾನು ಹೇಳಬೇಕಾಗಿಲ್ಲ. ನಾನು ಎಲ್ಲೆಲ್ಲಿ ಬಿದ್ದೆ ಎಂದು ಹೇಳುತ್ತೇನೆ.

ಒಂದೇ ಸಲ ಎಲ್ಲರಿಗೂ ಹೇಳಿ ಮುಗಿಸೋಣ ಅಂದುಕೊಂಡದ್ದು ಮೊದಲ ತಪ್ಪು. ಒಂದು ಭಾನುವಾರ ಇಪ್ಪತ್ತೆರಡು ಜನರನ್ನು ಕರೆದು ಕೋರಿ ರೊಟ್ಟಿ ಮಾಡಿಸಿದೆ, ಏಳೆಂಟು ಸಾವಿರ ಖರ್ಚು. ವಿಷಯ ಎತ್ತಿದ್ದೇ ನನ್ನ ಸೋದರಮಾವ ಬಟ್ಟಲು ಪಕ್ಕಕ್ಕಿಟ್ಟು, "ನಾಳೆ ದೈವದ ಎದುರು ನಾವು ಎಂತ ಹೇಳುವುದು?" ಅಂದರು. ಅಷ್ಟೇ. ಹಿಂದಿನ ರಾತ್ರಿ ನನ್ನ ಕೈ ಹಿಡಿದು "ಒಳ್ಳೆ ಹುಡುಗ ಮಾರಾಯ್ತಿ" ಅಂದಿದ್ದ ಚಿಕ್ಕಮ್ಮ ಮಾವನ ಮುಖ ನೋಡಿದರು, ಆಮೇಲೆ "ಹೌದಲ್ವಾ" ಅಂದರು. ಒಬ್ಬರ ಹಿಂದೆ ಒಬ್ಬರು. ನನ್ನ ಅಣ್ಣ ತಲೆ ತಗ್ಗಿಸಿ ರೊಟ್ಟಿಯನ್ನು ಮುರಿಯುತ್ತಲೇ ಇದ್ದ, ಪುಡಿಯಾಗುವವರೆಗೆ.

ಎರಡನೆಯದು ನೋಟಿಸಿನ ಪೆಟ್ಟು. ಮದುವೆಯಾಗುತ್ತೇವೆ ಎಂದು ಮದುವೆ ಅಧಿಕಾರಿಗೆ ಮೊದಲೇ ಕೊಡುವ ನೋಟಿಸ್ ಅದು, ಕಚೇರಿಯಲ್ಲಿ ಅಂಟಿಸುತ್ತಾರೆ. ಯಾರೋ ಹೇಳಿದರೆಂದು ಬೆಂಗಳೂರಿನಲ್ಲಿ ರೂಮು ಹಿಡಿದು, 30 ದಿನದ ವಾಸ ತೋರಿಸಿ, ಅಲ್ಲೇ ಅರ್ಜಿ ಹಾಕಿದೆವು. ಕಾಯಂ ವಿಳಾಸ ಬೇರೆ ಜಿಲ್ಲೆಯದ್ದಾದರೆ ನೋಟಿಸಿನ ಪ್ರತಿ ಅಲ್ಲಿನ ಅಧಿಕಾರಿಗೂ ಹೋಗುತ್ತದೆ, ಅಲ್ಲೂ ಅಂಟಿಸುತ್ತಾರೆ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಯಾರೋ ಅದರ ಫೋಟೋ ತೆಗೆದರು, ಸಂಜೆಯೊಳಗೆ ಕುಟುಂಬದ ವಾಟ್ಸಾಪ್‌ನಲ್ಲಿ ಬಂತು. ಅಮ್ಮ ಹಾಸಿಗೆ ಹಿಡಿದರು. ಇವರ ಮನೆಗೆ ಚರ್ಚ್ ವಾರ್ಡಿನ ಮುಖ್ಯಸ್ಥರಾದ ಗುರಿಕಾರರು ಎರಡು ಸಲ ಬಂದು ಕೂತು ಹೋದರು. ನಮಗೆ ಧೈರ್ಯ ಸಾಲಲಿಲ್ಲ. ಮೂರು ತಿಂಗಳೊಳಗೆ ಮದುವೆಯಾಗದಿದ್ದರೆ ನೋಟಿಸ್ ಬಿದ್ದುಹೋಗುತ್ತದೆ, ನಮ್ಮದೂ ಬಿತ್ತು. ರೂಮು, ಬಸ್ಸು, ವಕೀಲರು ಸೇರಿ ಮೂವತ್ತೈದು ಸಾವಿರ, ಹಾಲ್‌ನ ಅಡ್ವಾನ್ಸ್ ಇಪ್ಪತ್ತೈದು. ಒಂದು ಪೈಸೆಯೂ ವಾಪಸ್ ಬರಲಿಲ್ಲ.

ಆಗ ಬಿಎಯಲ್ಲಿ ಓದಿದ್ದ ಮನಶ್ಶಾಸ್ತ್ರಜ್ಞ ಸಾಲಮನ್ ಆಶ್ ನೆನಪಾದರು. 1950ರ ದಶಕದ ಅವರ ಗೆರೆಗಳ ಪ್ರಯೋಗದಲ್ಲಿ ಯಾವ ಗೆರೆ ಸಮ ಉದ್ದದ್ದು ಎಂದು ಗುಂಪಿನಲ್ಲಿ ಕೂರಿಸಿ ಕೇಳುತ್ತಿದ್ದರು: ಕಣ್ಣಿಗೆ ಕಾಣುವ ಉತ್ತರವನ್ನು ಬಿಟ್ಟು ಗುಂಪಿನ ತಪ್ಪು ಉತ್ತರವನ್ನೇ ಜನ ಮೂರರಲ್ಲಿ ಒಂದು ಸಲ ಹೇಳಿದ್ದರು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೆ ಆ ಒತ್ತಡ ಕಾಲುಭಾಗಕ್ಕೆ ಇಳಿಯುತ್ತಿತ್ತು.

ನಾನೂ ನೋಡಿಯೇ ಬಿಡೋಣ ಎಂದು ಹದಿನಾಲ್ಕು ಜನ ನೆಂಟರನ್ನು ಒಬ್ಬೊಬ್ಬರನ್ನಾಗಿ ಕೇಳಿದೆ: "ನಿಮಗೆ ತೊಂದರೆ ಉಂಟಾ?" ಒಂಬತ್ತು ಜನ ಹೇಳಿದ್ದು ಹೆಚ್ಚುಕಡಿಮೆ ಒಂದೇ. "ಎಂಕ್ ದಾಲ ತೊಂದರೆ ಇಜ್ಜಿ (ನನಗೇನೂ ತೊಂದರೆ ಇಲ್ಲ), ಉಳಿದವರು ಒಪ್ಪಲಿಕ್ಕಿಲ್ಲ." ಆ ಉಳಿದವರೆಂದರೆ ಈ ಒಂಬತ್ತು ಜನವೇ! ಪುಸ್ತಕದಲ್ಲಿ ಹೆಸರು ಬರೆದು ಗೆರೆ ಎಳೆದು ನೋಡಿದಾಗ ನನಗೆ ಅಳು ಬಂತು. ಫೋನಿನಲ್ಲಿಯೂ ಕೇಳಿ ನೋಡಿದೆ, ಪ್ರಯೋಜನ ಇಲ್ಲ. ಸ್ಪೀಕರ್ ಹಾಕಿರುತ್ತಾರೆ, ಬರುವ ಉತ್ತರ ಮನೆಮಂದಿಯದ್ದು. ಚಾವಡಿಯಲ್ಲಿಯೂ ಕೇಳಬಾರದು. ಹಿತ್ತಿಲಲ್ಲಿ ಕಾಯಿ ಸುಲಿಯುವಾಗ ಕೇಳಿದರೆ ಮನಸ್ಸಿನ ಮಾತು ಬರುತ್ತದೆ.

ಮೊದಲು ಬಾಯಿ ತೆರೆಯುವವರು ಯಾರಾಗಬೇಕು? ಪ್ರಾಯದ ಹುಡುಗರು ಬೇಡ, ಅವರನ್ನು ಹೇಗೂ ನಮ್ಮ ಲೆಕ್ಕಕ್ಕೆ ಹಾಕುತ್ತಾರೆ. ನಾನು ಹಿಡಿದದ್ದು ಎಪ್ಪತ್ತು ದಾಟಿದ ದೊಡ್ಡಮ್ಮನನ್ನು. ವರ್ಷವೂ ತಂಬಿಲಕ್ಕೆ, ಅಂದರೆ ಮನೆಯ ದೈವದ ಪೂಜೆಗೆ, ಎಲ್ಲ ಅಣಿ ಮಾಡುವವರು ಅವರೇ, ದೈವದ ಮಾತೆತ್ತಿ ಅವರ ಬಾಯಿ ಮುಚ್ಚಿಸಲಿಕ್ಕೆ ಯಾರಿಗೂ ಆಗುವುದಿಲ್ಲ. ನಾಲ್ಕು ತಿಂಗಳು ಬೇಕಾಯಿತು. ಅವರು ಯಾವ ಮಾತಿಗೆ ಕರಗಿದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮಿಬ್ಬರದ್ದು.

ಮಾವನ ಬಳಿ ಬೇರೆಯೇ ಮಾತಾಡಿದೆ. ಅವರ ಹೆದರಿಕೆಯಲ್ಲಿ ಅರ್ಧ ಜಾಗದ್ದು. ಈ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಿಂದೂ ಅವಿಭಕ್ತ ಕುಟುಂಬದಿಂದ ನಾನು ಬೇರೆಯಾದಂತೆ ಲೆಕ್ಕ. ಅದನ್ನು ನಾನೇ ಮೊದಲು ಎತ್ತಿ, ಕಾಗದ ಮುಂದಿಟ್ಟು ಮಾತಾಡಿದೆ. ಅವರು ಎತ್ತುವವರೆಗೆ ಕಾಯಬೇಡಿ.

ತಂಬಿಲದ ದಿನ ಕಾಫಿ ಬಂತು. ಮಾವ ಗಂಟಲು ಸರಿ ಮಾಡಿಕೊಳ್ಳುವ ಮೊದಲೇ ದೊಡ್ಡಮ್ಮ, "ನಾನು ಹುಡುಗನ ಮನೆಗೆ ಹೋಗಿದ್ದೆ. ಊಟ ಮಾಡಿ ಬಂದೆ" ಅಂದರು. ಯಾರೂ ಮಾತಾಡಲಿಲ್ಲ. ಆಮೇಲೆ ಚಿಕ್ಕಮ್ಮ, "ನಾನೂ ನೋಡಿದ್ದೇನೆ, ಒಳ್ಳೆ ಹುಡುಗ." ಕತ್ತಲಾಗುವಾಗ ಒಪ್ಪಿದವರು ಏಳು ಜನರಾಗಿದ್ದರು. ಮಾವ ಹೌದು ಅನ್ನಲಿಲ್ಲ, ಆದರೆ ಬೇಡ ಎಂಬ ಮಾತು ಅವರ ಬಾಯಿಂದ ಬರಲಿಲ್ಲ.

ಇವರ ಮನೆಯಲ್ಲಿ ಇದೇ ಕ್ರಮ ಇವರ ಅಜ್ಜಿಯಿಂದ ಶುರುವಾಗಿ ಆರೇ ವಾರದಲ್ಲಿ ಮುಗಿಯಿತು. ಈಗ ನನ್ನಲ್ಲಿ ಕೇಳಿಕೊಂಡು ಬರುವ ಜೋಡಿಗಳಿಗೂ ಇದನ್ನೇ ಹೇಳುತ್ತೇನೆ, ಎರಡು ಮನೆಗಳಲ್ಲಿ ಫಲ ಕೊಟ್ಟಿದೆ.

ಎರಡನೇ ನೋಟಿಸನ್ನು ನಮ್ಮ ಊರಲ್ಲೇ ಹಾಕಿದೆವು. ಅದರ ಫೋಟೋವನ್ನು ನಾನೇ ವಾಟ್ಸಾಪ್ ಗ್ರೂಪಿಗೆ ಕಳಿಸಿದೆ. ಮದುವೆಯ ದಿನ ಮೂರು ಸಾಕ್ಷಿ ಬೇಕಲ್ಲ, ದೊಡ್ಡಮ್ಮ ಮತ್ತು ಇವರ ತಮ್ಮ ಬಂದಿದ್ದರು. ಮೂರನೆಯದಾಗಿ ಗೆಳತಿಯೊಬ್ಬಳಿಗೆ ಹೇಳಿಟ್ಟಿದ್ದೆ. ಹತ್ತೂವರೆಗೆ ಮಾವ ಮೆಟ್ಟಿಲು ಹತ್ತಿ ಬಂದರು, ಆಧಾರ್ ಪ್ರತಿಯನ್ನು ಮಡಚಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದಿದ್ದರು. "ಎಲ್ಲಿ ಸೈನ್ ಮಾಡುವುದು?" ಅಂತ ಕೇಳಿದರು.