ಮೊದಲ ದಿನ ಕೈಗೆ ಕೊಟ್ಟಿದ್ದು ಒನಕೆ

ಮರದ ಹಡಗು ಕಟ್ಟುವುದು ಅಂದರೆ ಹಲಗೆ ಕೊಯ್ದು ಮೊಳೆ ಹೊಡೆಯೋದು ಅಂತ ನಾನೂ ಅಂದುಕೊಂಡಿದ್ದೆ. ಕೆಲಸಕ್ಕೆಂದು ಚೀನಾದ ಶಿಯಾಮೆನ್‌ನಲ್ಲಿದ್ದಾಗ ರಜೆ ಹಾಕಿ, ಅದೇ ಫುಜಿಯಾನ್ ಪ್ರಾಂತ್ಯದ ನಿಂಗ್ಡೆ ಪಕ್ಕದ ಝಾಂಗ್‌ವಾನ್‌ಗೆ ಹೋಗಿ ಎರಡು ವಾರ ಉಳಿದೆ. ಹಡಗು ಕಟ್ಟುವವರ ಊರು ಅದು. ಉಳಿ, ಗರಗಸ ಹಿಡಿಯುವ ಆಸೆಯಲ್ಲಿ ಹೋದವನಿಗೆ ಶೀಫು (ನಮ್ಮಲ್ಲಿ ಮೇಸ್ತ್ರಿ ಅಂತೀವಲ್ಲ, ಹಾಗೆ) ಕೊಟ್ಟಿದ್ದು ಒಂದು ಒನಕೆ.

ಕುಟ್ಟುವುದೇ ಕೆಲಸ. ಚಿಪ್ಪು ಸುಟ್ಟು ಮಾಡಿದ ಸುಣ್ಣ, ಸಣ್ಣಗೆ ಕತ್ತರಿಸಿದ ನಾರು, ಟುಂಗ್ ಎಣ್ಣೆ. ಟುಂಗ್ ಮರದ ಬೀಜದಿಂದ ತೆಗೆಯುವ ಈ ಎಣ್ಣೆ ನಮ್ಮ ಕೊಬ್ಬರಿ ಎಣ್ಣೆಯ ಹಾಗಲ್ಲ, ಗಾಳಿ ತಾಗಿದರೆ ಒಣಗಿ ಗಟ್ಟಿಯಾಗುತ್ತದೆ. ಮೂರೂ ಸೇರಿ ಚಪಾತಿ ಹಿಟ್ಟಿನ ಹದಕ್ಕೆ ಬರಬೇಕು, ನೀರು ಸೋರದಂತೆ ಹಲಗೆಗಳ ಸಂದಿಗೆ ತುಂಬೋದು ಇದನ್ನೇ. ಎರಡನೇ ದಿನ ತೋಳು ನೋಯುತ್ತಿತ್ತು, ಬೇಗ ಮೆತ್ತಗಾಗಲಿ ಅಂತ ಸುಮ್ನೆ ಸ್ವಲ್ಪ ಎಣ್ಣೆ ಜಾಸ್ತಿ ಸುರಿದೆ. ನೋಡೋಕೆ ಚೆನ್ನಾಗಿಯೇ ಇತ್ತು. ಸಂದಿಗೆ ಹಾಕಿದರೆ ನಿಲ್ಲಲಿಲ್ಲ, ಜಾರಿಕೊಂಡು ಹಲಗೆಯ ಮೇಲೆ ಇಳಿಯಿತು. ಶೀಫು ಬೆರಳಲ್ಲಿ ಬಳಿದು ತೆಗೆದು, ನನ್ನದೇ ಅಂಗಿಗೆ ಒರೆಸಿದರು.

ಆಮೇಲೆ ಸಂದಿ ತುಂಬುವುದು. ಮೊದಲು ನಾರನ್ನು ಹಗ್ಗದಂತೆ ಹೊಸೆದು, ಮೊಂಡು ಉಳಿ ಇಟ್ಟು ಕೊಡತಿಯಿಂದ ಬಡಿದು ಒಳಗೆ ಕೂರಿಸಬೇಕು. ಆಮೇಲೆ ಮೇಲಿಂದ ಆ ಹಿಟ್ಟು. ನಾರು ಸಡಿಲವಾಗಿದ್ದರೆ ಕೊಡತಿಯ ಸದ್ದೇ ಬೇರೆ, ಡಬ್ ಡಬ್ ಅನ್ನುತ್ತದೆ. ಸರಿಯಾಗಿ ಕೂತರೆ ಟಣ್ ಅಂತ ಗಟ್ಟಿ ಸದ್ದು. ಶೀಫು ಹಡಗಿನ ಆ ಕಡೆ ಆರಾಮಾಗಿ ಕೂತು ಸಿಗರೇಟು ಸೇದುತ್ತಲೇ, ಸದ್ದು ಕೇಳಿ "ಇನ್ನೊಂದ್ಸಲ!" ಅಂತ ಕೂಗುತ್ತಿದ್ದರು.

ಇಷ್ಟೆಲ್ಲ ಯಾಕೆ ಅಂದರೆ, ಈ ಹಡಗುಗಳ ಹೊಟ್ಟೆಯೊಳಗೆ ಅಡ್ಡಡ್ಡಕ್ಕೆ ಮರದ ಗೋಡೆಗಳಿರುತ್ತವೆ. ಬಂಡೆಗೆ ಬಡಿದು ಒಂದು ಕೋಣೆಯಲ್ಲಿ ನೀರು ತುಂಬಿದರೂ ಪಕ್ಕದ ಕೋಣೆಗೆ ಹೋಗಬಾರದು, ಹಡಗು ತೇಲುತ್ತಿರಬೇಕು. ಯುನೆಸ್ಕೋ 2010ರಲ್ಲಿ, ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿದ್ದು ಈ ವಿದ್ಯೆಯನ್ನೇ. ಕರ್ಪೂರದ ಮರ, ಪೈನ್, ಫರ್ ಎಲ್ಲ ಎಷ್ಟೇ ಒಳ್ಳೆಯದಿರಲಿ, ಗೋಡೆ ಮತ್ತು ತಳದ ಹಲಗೆ ಸೇರುವ ಮೂಲೆ ಸೋರಿದರೆ ಆ ಗೋಡೆ ಬರೀ ಹಲಗೆ, ಅಲ್ವಾ?

ನಾನು ಬಿಟ್ಟಿದ್ದೂ ಅಂಥ ಮೂಲೆಯನ್ನೇ. ಏಣಿ ಅಡ್ಡ ಇತ್ತು, ಆಮೇಲೆ ಮಾಡೋಣ ಅಂದುಕೊಂಡು ಮರೆತೆ. ಹಿಟ್ಟು ಒಣಗಿದ ಮೇಲೆ ಒಂದು ಕೋಣೆಗೆ ನೀರು ಹೊಯ್ದು ನೋಡಿದೆವು. ಸಂಜೆಗೆ ಈ ಕಡೆ ಅಂಗೈ ಅಗಲ ಒದ್ದೆ. ಶೀಫು ಇದ್ದಿಲಿನಲ್ಲಿ ಅದರ ಸುತ್ತ ಒಂದು ಗೆರೆ ಎಳೆದು, "ಇಲಿಗೆ ಬಾಗಿಲು ಬಿಟ್ಟಿದ್ದೀಯೇನಪ್ಪಾ?" ಅಂದರು. ಮರುದಿನ ಅರ್ಧ ದಿನ ಕೂತು ಹಳೆಯದನ್ನೆಲ್ಲ ಕೆತ್ತಿ ತೆಗೆದು ಮತ್ತೆ ತುಂಬಿದೆ. ಬೈಗುಳ ಅಷ್ಟಕ್ಕೇ ಮುಗಿದಿತ್ತು. ಆದರೆ ಆ ಇದ್ದಿಲಿನ ಗೆರೆಯನ್ನು ಅವರು ಅಳಿಸಲೂ ಇಲ್ಲ, ಅಳಿಸೋಕೆ ಬಿಡಲೂ ಇಲ್ಲ.

ವಾಪಸ್ ಹೋಗುವಾಗ ಚುವಾನ್‌ಝೌನಲ್ಲಿ ಇಳಿದೆ. 1974ರಲ್ಲಿ ಅಲ್ಲಿನ ಹೌಝು ಬಂದರಿನ ಕೆಸರಿನಿಂದ ಅಗೆದು ತೆಗೆದ, ಸೋಂಗ್ ರಾಜರ ಕಾಲದ (13ನೇ ಶತಮಾನದ) ಹಡಗನ್ನು ಕೈಯುವಾನ್ ದೇವಸ್ಥಾನದ ಆವರಣದಲ್ಲಿ ಇಟ್ಟಿದ್ದಾರೆ. 12 ಗೋಡೆ, 13 ಕೋಣೆ. ತಳದ ಉದ್ದ ಮರ ಕೂಡಿಸಿದ ಕಡೆ ಏಳು ಸಣ್ಣ ಗುಳಿ ತೋಡಿ, ಸಪ್ತರ್ಷಿ ನಕ್ಷತ್ರಗಳ ಹಾಗೆ ನಾಣ್ಯ ಇಟ್ಟಿದ್ದರಂತೆ, ಜೊತೆಗೆ ಒಂದು ಕಂಚಿನ ಕನ್ನಡಿ. ಎಲ್ಲರೂ ಅದರ ಬಗ್ಗೆಯೇ ಮಾತಾಡುತ್ತಿದ್ದರು. ನಾನು ಕಟಕಟೆಗೆ ಬಗ್ಗಿ ಹಲಗೆಗಳ ಸಂದಿ ನೋಡುತ್ತಿದ್ದೆ. ಇದರ ಸಂದಿಗಳಿಗೂ ಅದೇ ನಾರು, ಸುಣ್ಣ, ಟುಂಗ್ ಎಣ್ಣೆ. ಜಾಸ್ತಿ ಬಗ್ಗಿದ್ದೆ ಅನಿಸುತ್ತೆ, ಕಾವಲಿನವನು ಬಂದು ಹಿಂದೆ ಸರಿಯೋಕೆ ಹೇಳಿದ.